ಬಾಗಿಲಿನ ಚೌಕ

ಮಠದಲ್ಲಿ ಕಂಪ್ಯೂಟರ್ ಯಾಕೆ ಅಂತ ಮಾತ್ರ ಕೇಳಬೇಡಿ. ಭಕ್ತರಿಗೆ ಕೋಣೆ ಕೊಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಹೊಳೆದಂಡೆಯ ಆ ಸಣ್ಣ ಮಠದಲ್ಲೂ ಒಂದು ಇತ್ತು. ಅದನ್ನು ನೋಡಿಕೊಳ್ಳುವವನು ಚನ್ನವೀರ.

ಚನ್ನವೀರ ಗುರುಪಾದಜ್ಜನ ಶಿಷ್ಯ. ಮೂವತ್ತು ದಾಟಿದವನು. ಮನೆಯ ಜಗಳ ಬೇಡವೆಂದು ಹೊಳೆ ದಾಟಿ ಬಂದು ಇಲ್ಲೇ ಉಳಿದುಬಿಟ್ಟಿದ್ದ. ಒಳ್ಳೆಯವನೇ, ಯಾರಿಗೂ ಜೋರಾಗಿ ಒಂದು ಮಾತಂದವನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಪೈಕಿ.

ಒಂದು ಬೆಳಿಗ್ಗೆ ಅವನ ಅಕ್ಕ ನಿಂಬೆವ್ವ ಹರಗೋಲು ಹತ್ತಿ ಬಂದಳು.

ಗಂಡ ತೀರಿಕೊಂಡ ಮೇಲೆ ನಿಂಬೆವ್ವ ಮಗಳನ್ನು ಕರೆದುಕೊಂಡು ತವರಿನ ಹಿಂದಿನ ಎರಡು ಕೋಣೆಯಲ್ಲಿದ್ದಳು. ಈಗ ಅಣ್ಣ ಬಸಲಿಂಗನಿಗೆ ಆ ಕೋಣೆಗಳು ಬೇಕಾಗಿದ್ದವು, ಗೊಬ್ಬರದ ಚೀಲ ಇಡಲಿಕ್ಕೆ.

"ನಾಳೆ ಮುಂಜಾನೆ ಟ್ರ್ಯಾಕ್ಟರ್ ತರ್ತಾನಂತ," ಅಂದಳು. "ನನ್ನ ಸಾಮಾನೆಲ್ಲಾ ಹೊರಗ ಹಾಕ್ತಾನಂತ. ನೀ ಬಾರೋ ತಮ್ಮಾ."

"ನಾ ಬಂದು ಏನ್ ಮಾಡ್ಲಿ ಅಕ್ಕಾ? ಅಣ್ಣನ ಎದುರು ನಾ ಏನಂತ ಮಾತಾಡ್ಲಿ?"

"ಮಾತಾಡಬ್ಯಾಡ. ಬಾಗಲದಾಗ ನಿಂದ್ರು, ಸಾಕು. ನೀ ನಿಂತ್ರ ಓಣಿ ಮಂದೀನೂ ಬರ್ತಾರ. ಈಗ ಏನಂತಾರ ಗೊತ್ತೈತೇನು? ಒಡಹುಟ್ಟಿದಾಂವನ ಸುಮ್ನ ಮಠದಾಗ ಕುಂತಾನ, ನಮಗ್ಯಾಕ ಬೇಕವ್ವ ಅಂತಾರ."

ಚನ್ನವೀರ ನೆಲ ನೋಡಿದ. "ವಿಚಾರ ಮಾಡ್ತೀನಿ," ಅಂದ.

"ಮಾಡು. ಮಧ್ಯಾಹ್ನದ ಹರಗೋಲಿಗೆ ನಾ ಹೊಳ್ಳಿ ಹೋಗ್ತೀನಿ." ಅವಳು ಹೋಗಿ ಕಟ್ಟೆಯ ಮೇಲೆ ಕೂತಳು.

ಚನ್ನವೀರ ಅಡುಗೆಮನೆಗೆ ಓಡಿದ. ಗುರುಪಾದಜ್ಜ ಬದನೆಕಾಯಿ ಹೆಚ್ಚುತ್ತಿದ್ದ. ಅಕ್ಕ ಅಂದದ್ದನ್ನೆಲ್ಲ ಚನ್ನವೀರ ಒಂದೇ ಉಸಿರಿಗೆ ಹೇಳಿದ.

"ಅಜ್ಜಾರ, ಅಣ್ಣ ನನ್ನ ಹೆಗಲ ಮ್ಯಾಲೆ ಹೊತ್ತು ಬೆಳಸ್ಯಾನರಿ. ಅಕ್ಕ ಕೈತುತ್ತು ಹಾಕ್ಯಾಳರಿ. ನಾ ಯಾರ ಕಡೆ ಆಗ್ಲಿ?"

"ಈ ಕಾಯಿ ಹುಳುಕ ಐತೇನು ನೋಡು," ಅಂದ ಅಜ್ಜ.

"ಜಗಳ ಬ್ಯಾಡ ಅಂತ ನೀವ ಹೇಳೀರಲ್ರಿ ಅಜ್ಜಾರ?"

"ಹೇಳೀನಿ."

"ಹಂಗಾರ ನಾ ಹೋಗಬಾರ್ದು."

"ಹಂಗಂತ ನಾ ಹೇಳಿಲ್ಲ."

"ಹಂಗಾರ ಹೋಗಬೇಕು."

"ಅದನ್ನೂ ಹೇಳಿಲ್ಲ. ಕಾಯಿ ನೋಡೋ ಮಾರಾಯಾ."

ಕಾಯಿ ಚೆನ್ನಾಗಿತ್ತು. ಚನ್ನವೀರನ ತಲೆ ಮಾತ್ರ ಕೆಟ್ಟು ಮೊಸರುಗಡ್ಡೆಯಾಗಿತ್ತು.

ತಲೆ ಕೆಟ್ಟಾಗ ಅವನು ಹೋಗಿ ಕೂರುತ್ತಿದ್ದುದು ಕಂಪ್ಯೂಟರಿನ ಮುಂದೆ. ಅದರಲ್ಲೊಂದು ಆಟ ಹಾಕಿಕೊಂಡಿದ್ದ. ಗಡಿಕೋಟೆ ಅಂತ ಹೆಸರು. ಚದುರಂಗದ ಹಾಗೆ ಚೌಕಗಳು. ನಿಮ್ಮ ಪಾಳಿ ಬಂದಾಗ ನೀವು ನಿಮ್ಮ ಬಂಟರನ್ನು ನಡೆಸಬೇಕು, ಆಮೇಲೆ ವೈರಿಯ ಪಾಳಿ. ನೀವು ನಡೆಸುವ ತನಕ ವೈರಿ ಕಾಯುತ್ತಾನೆ, ವರ್ಷವಾದರೂ ಸರಿ. ಚನ್ನವೀರನಿಗೆ ಹಿಡಿಸಿದ್ದೇ ಅದು. ಧಾನ್ಯ ಕೊಟ್ಟು, ಸಂಧಿ ಮಾಡಿ, ಒಂದು ಬಾಣವನ್ನೂ ಬಿಡದೆ ಆ ಆಟವನ್ನು ಗೆದ್ದಿದ್ದ.

ಆಮೇಲೆ ಅದೇ ಆಟಕ್ಕೆ ಹೊಸ ಭಾಗ ಬಂತು. ಎಕ್ಸ್‌ಪ್ಯಾನ್ಷನ್ ಅಂತಾರೆ. ಅದರಲ್ಲಿ ಬರೀ ಹೊಡೆದಾಟ. ಸಂಧಿಯ ಗುಂಡಿಯನ್ನೇ ಕಿತ್ತುಹಾಕಿದ್ದರು. ಚನ್ನವೀರ ಹುಡುಕಿದ್ದೇ ಹುಡುಕಿದ್ದು. ಎಲ್ಲೂ ಇರಲಿಲ್ಲ.

ಮೊದಲ ಊರಿನಲ್ಲೇ ಅವನು ಸಿಕ್ಕಿಬಿದ್ದಿದ್ದ. ಅಲ್ಲೊಂದು ಮನೆ. ಒಳಗೆ ಹೆಂಗಸರು, ಮಕ್ಕಳು, ಒಬ್ಬ ಮುದುಕಿ. ಹೊರಗೆ ವೈರಿಗಳು. ಕಾಯಲಿಕ್ಕೆ ಅವನ ಕೈಯಲ್ಲಿ ನಾಲ್ವರು ಬಂಟರು, ಒಬ್ಬ ನಾಯಕ. ಎಷ್ಟು ಆಡಿದರೂ ಸೋಲು.

ಆ ಮಧ್ಯಾಹ್ನವೂ ಸೋಲುತ್ತಿದ್ದ. ನಾಲ್ವರು ಬಂಟರೂ ಆಗಲೇ ಬಿದ್ದಿದ್ದರು. ಅಜ್ಜ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತ. ಚನ್ನವೀರ ಗಾಬರಿಯಾಗಿ ಏಳಹೋದ.

"ಕುಂದ್ರು, ಕುಂದ್ರು. ಯಾಕಲೇ, ಮಾರಿ ಇಷ್ಟು ಸಣ್ಣದಾಗೈತಿ?"

"ಈ ಆಟದ ರೀತೀನ ತಿಳಿವಲ್ದರಿ ಅಜ್ಜಾರ. ಮೊದಲಿನ ಆಟದಾಗ ರಾಜಿ ಮಾಡ್ಕೋಬಹುದಿತ್ತು. ಇದರಾಗ ಇಲ್ಲ."

ಅಜ್ಜ ಕಣ್ಣು ಕಿರಿದು ಮಾಡಿ ಪರದೆ ನೋಡಿದ. "ಆ ಮೂಲ್ಯಾಗ ಗಿಡದ ಹಿಂದ ನಿಂತಾಂವ ಯಾರು?"

"ಅಂವ ನಾಯಕರಿ. ಅಂದ್ರ ನಾನ."

"ಮೈಮ್ಯಾಲೆ ಒಂದು ಗೆರೀನೂ ಇಲ್ಲಲೋ."

"ಅಂವ ಸತ್ರ ಆಟ ಮುಗೀತದರಿ. ಅದಕ್ಕ ಹಿಂದ ನಿಂದರಸೀನಿ."

"ಮನಿಯೊಳಗಿನ ಮಂದಿ?"

"ಪ್ರತಿ ಸಲ ಅವರು ಸಾಯ್ತಾರರಿ."

"ನಾಯಕ?"

"ಉಳೀತಾನರಿ."

"ಉಳದು ಏನ್ ಮಾಡ್ತಾನ?"

ಈ ಪ್ರಶ್ನೆ ಚನ್ನವೀರನಿಗೆ ಯಾವತ್ತೂ ಹೊಳೆದಿರಲಿಲ್ಲ. "ಸುಮ್ನ ನಿಂತಿರ್ತಾನರಿ," ಅಂದ.

"ಸರಿ ಅತ್ಲಾಗ." ಅಜ್ಜ ಅವನನ್ನು ಪಕ್ಕಕ್ಕೆ ತಳ್ಳಿ ಮೌಸ್ ಹಿಡಿದ. ವಿಭೂತಿಗಟ್ಟಿ ಹಿಡಿದ ಹಾಗೆ ಮೂರು ಬೆರಳಲ್ಲಿ ಹಿಡಿದಿದ್ದ. ನಾಯಕನನ್ನು ಮುಟ್ಟಿ, ಗಿಡದ ಮರೆಯಿಂದ ಎಬ್ಬಿಸಿ, ತಂದು ಮನೆಯ ಬಾಗಿಲಿನ ಚೌಕದಲ್ಲಿ ನಿಲ್ಲಿಸಿದ.

"ಅಯ್ಯಯ್ಯೋ ಅಜ್ಜಾರ! ಅಲ್ಲಿ ಬ್ಯಾಡ್ರಿ!"

"ಯಾಕ?"

"ಎಲ್ಲಾರೂ ಅಂವಗ ಹೊಡೀತಾರರಿ!"

"ಹೊಡೀಲಿ." ಅಜ್ಜ ಪಾಳಿ ಬಿಟ್ಟುಕೊಟ್ಟ.

ವೈರಿಗಳು ಬಂದರು. ಬಾಗಿಲು ಸಣ್ಣದು, ಒಬ್ಬನ ಹಿಂದೆ ಒಬ್ಬ ನಿಲ್ಲಬೇಕಾಯಿತು. ಮುಂದಿದ್ದವನು ಹೊಡೆದ. ನಾಯಕ ತೂರಾಡಿದ, ಆದರೆ ಚೌಕ ಬಿಡಲಿಲ್ಲ. ಒಳಗಿದ್ದವರು ಹಿತ್ತಲ ಬಾಗಿಲ ಕಡೆ ಒಂದು ಚೌಕ ಸರಿದರು. ಅವರು ಸರಿದದ್ದನ್ನು ಚನ್ನವೀರ ನೋಡಿದ್ದು ಅದೇ ಮೊದಲು.

ಅಜ್ಜ ಮತ್ತೆ ಪಾಳಿ ಬಿಟ್ಟ. ಮತ್ತೆ ಏಟು. ಮಕ್ಕಳು ಹೊರಗೆ ಹೋದರು. ಮತ್ತೆ ಏಟು. ಹೆಂಗಸರು ಹೋದರು. ಮುದುಕಿ ನಿಧಾನ. ಚನ್ನವೀರನಿಗೆ ತಡೆಯಲಾಗಲಿಲ್ಲ. "ನಡಿಯಬೇ, ಲಗೂನ ನಡಿ!" ಅಂತ ಪರದೆಗೆ ಕೂಗಿದ.

ಮುದುಕಿ ಹಿತ್ತಲು ದಾಟಿದಳು. ನಾಯಕ ಬಾಗಿಲಲ್ಲೇ ಬಿದ್ದ.

ಪರದೆಯ ಮೇಲೆ ಅಕ್ಷರ ಮೂಡಿತು. ನಾಯಕ ಸತ್ತ, ಮನೆಯವರು ಪಾರಾದರು ಅಂತ. ಅದರ ಕೆಳಗೆ ಕೆಂಪಗೆ, ದೊಡ್ಡದಾಗಿ: ಸೋಲು.

"ಸೋತ್ರಿ ಅಜ್ಜಾರ," ಅಂದ ಚನ್ನವೀರ. ಅವನಿಗೆ ನಿಜಕ್ಕೂ ಕೆಟ್ಟದೆನಿಸಿತ್ತು.

"ಹೌದೇನು? ನೀ ಆಡಿದಾಗ ಏನಂತ ಬರ್ತಿತ್ತು?"

"ಆಗೂ ಸೋಲು ಅಂತನ ಬರ್ತಿತ್ತರಿ."

"ಎರಡೂ ಒಂದೇನು?"

ಚನ್ನವೀರ ಕಕ್ಕಾಬಿಕ್ಕಿಯಾಗಿ ಕೆಂಪಕ್ಷರವನ್ನೇ ನೋಡಿದ. ಆಟವೇ ಸೋಲು ಅನ್ನುತ್ತದೆ, ಅಜ್ಜನ ಮುಖ ನೋಡಿದರೆ ಹಾಗನ್ನಿಸುವುದಿಲ್ಲ. ಯಾವುದನ್ನು ನಂಬುವುದು?

"ಒಂದೂ ತಿಳಿವಲ್ದರಿ," ಅಂದ. ದನಿಯಲ್ಲಿ ಸಿಟ್ಟೂ ಇತ್ತು. "ನೀವ ಶಾಂತಿ ಅಂತೀರಿ. ನೀವ ಕುಂತು ಯುದ್ಧದ ಆಟ ಆಡ್ತೀರಿ. ಹಂಗಾರ ನಾ ಹೋಗಿ ಅಣ್ಣನ ಕೂಡ ಹೊಡದಾಡಬೇಕೇನ್ರಿ?"

"ಆ ನಾಯಕ ಯಾರಿಗರೆ ಹೊಡದನೇನು?"

ಚನ್ನವೀರ ನೆನಪು ಮಾಡಿಕೊಂಡ. ಹೊಡೆಯುವ ಗುಂಡಿಯನ್ನು ಅಜ್ಜ ಮುಟ್ಟಿರಲೇ ಇಲ್ಲ.

"ಇಲ್ಲರಿ," ಅಂದ.

"ಹಂ," ಅಂದ ಅಜ್ಜ. ಎದ್ದ. "ಮಣಕಾಲು ಹಿಡಕೊಂಡಾವ. ಇದೆಂಥಾ ಕುರ್ಚಿನೋ ನಿಂದು." ಹೊರಗೆ ಹೋಗಿಬಿಟ್ಟ.

ಚನ್ನವೀರ ಕೂತೇ ಇದ್ದ. ಅಣ್ಣನ ಮುಖ ಕಣ್ಣ ಮುಂದೆ ಬಂತು. ಆ ಮುಖ ತನ್ನನ್ನು ನೋಡಿ "ನೀನೂ ಬಂದೇನಲೇ?" ಅಂದುಬಿಟ್ಟರೆ? ಅದಕ್ಕೇ ಅವನಿಗೆ ಹೆದರಿಕೆ. ಟ್ರ್ಯಾಕ್ಟರಿಗಲ್ಲ, ಹೊಡೆತಕ್ಕಲ್ಲ. ಆ ಒಂದು ಮಾತಿಗೆ.

ಹೊಳೆಯ ಕಡೆಯಿಂದ ಅಂಬಿಗ ಹುಲಗಪ್ಪ ಕೂಗಿದ. "ಬರಾವ್ರು ಬರ್ರಿ! ಹರಗೋಲು ಬಿಡ್ತೀನಿ!"

ಚನ್ನವೀರ ಬಾಗಿಲಿಗೆ ಬಂದ. ನಿಂಬೆವ್ವ ಕಟ್ಟೆಯಿಂದ ಎದ್ದು ಸೆರಗು ಹೊದ್ದುಕೊಂಡಿದ್ದಳು. ಅವನನ್ನು ನೋಡಿದಳು. ಬಾ ಅನ್ನಲಿಲ್ಲ. ಬೆಳಿಗ್ಗೆ ಅಂದದ್ದೇ ಸಾಕು ಅಂದುಕೊಂಡಳೋ ಏನೋ. ತಿರುಗಿ ಹೊಳೆಯ ಕಡೆ ಇಳಿಯತೊಡಗಿದಳು.

ಕೆಳಗಿನ ಮೆಟ್ಟಿಲಲ್ಲಿ ಅಜ್ಜ ಬಗ್ಗಿದ್ದ. ಮಠದ ಕಡೆ ಮುಖ ಮಾಡಿ ಬಿಟ್ಟಿದ್ದ ಚನ್ನವೀರನ ಚಪ್ಪಲಿಗಳನ್ನು ಕೈಯಲ್ಲೆತ್ತಿ, ಹೊಳೆಯ ಕಡೆ ತಿರುಗಿಸಿ ಇಟ್ಟ.

"ಶಿವಶಿವಾ! ನನ್ನ ಚಪ್ಪಲಿ ನೀವು ಮುಟ್ಟೂದೇನ್ರಿ ಅಜ್ಜಾರ!" ಚನ್ನವೀರ ಓಡಿ ಇಳಿದ. ಇಳಿದವನ ಕಾಲು ಚಪ್ಪಲಿಯ ಹತ್ತಿರ ಬಂದು ನಿಂತಿತು. ಕಣ್ಣಲ್ಲಿ ನೀರು ಬಂದಿತ್ತು.

"ಅಜ್ಜಾರ, ಖರೇ ಹೇಳ್ರಿ. ಅಣ್ಣನ ಮುಂದ ನಾ ಗೆಲ್ತೀನೇನ್ರಿ?"

ಅಜ್ಜ ಕೈಗೆ ಹತ್ತಿದ ಧೂಳು ಕೊಡವಿಕೊಂಡ.

"ಗೆಲ್ಲು ಅಂತ ಯಾರ್ ಅಂದಾರಲೇ? ನಿಮ್ಮಕ್ಕ ಬಾಗಲದಾಗ ನಿಂದ್ರು ಅಂದಾಳ, ಅಷ್ಟ."