ಮೂರು ಹಾಸಿನ ಕಾರು

ಹೊಳೆಗೆ ಮಹಾಪೂರ ಬಂದ ವರ್ಷ ಆಶ್ರಮದ ಬಿಳಿ ಕಾರನ್ನು ರಿವರ್ಸ್ ಗೇರಿನಲ್ಲೇ ಸೇತುವೆ ದಾಟಿಸಿದವನು ನಾನು. ಬೇರೆ ಗೇರು ಬೀಳುತ್ತಿರಲಿಲ್ಲ. ನೀರು ಕಿಟಕಿ ಮುಟ್ಟಿತ್ತು. ಒಂದು ಮೀನು ಈ ಕಿಟಕಿಯಿಂದ ಒಳಗೆ ಬಂತು, ನನ್ನನ್ನು ನೋಡಿತು, ಆ ಕಿಟಕಿಯಿಂದ ಹೊರಗೆ ಹೋಯಿತು.

ಕಂಡವರು ಐದು ಜನ. ಐವರೂ ಈಗ ಇಲ್ಲ. ಆ ಸೇತುವೆಯೂ ಇಲ್ಲ, ಕೆಡವಿ ಹೊಸದು ಕಟ್ಟಿದ್ದಾರೆ.

"ಇಪ್ಪತ್ತೈದು ವರ್ಷ ಈ ಆಶ್ರಮದ ಸ್ಟೇರಿಂಗು ಹಿಡದೀನಿ," ಅಂದೆ ಗುರುಸಿದ್ದವ್ವನಿಗೆ. "ಒಂದು ದಿನ, ಒಂದ ಒಂದು ದಿನ, ನನ್ನ ಕಾಲಿಗೆ ಬ್ರೇಕು ತಪ್ಪಿಲ್ಲ."

ಗುರುಸಿದ್ದವ್ವ ಆಶ್ರಮದ ದಾಸೋಹದಲ್ಲಿ ಅಡುಗೆ ಮಾಡುವಾಕೆ. ಹೋದ ತಿಂಗಳು ಲೈಸೆನ್ಸು ಮಾಡಿಸಿಕೊಂಡಳು. ನನ್ನ ಕಣ್ಣಿಗೆ ಪೊರೆ ಬಂದಿದೆ. ಇನ್ನು ಮೇಲೆ ಕಾರು ಓಡಿಸಬೇಕಾದವಳು ಅವಳೇ. ಕೀಲಿಕೈ ಮಾತ್ರ ಇನ್ನೂ ನನ್ನ ಉಡದಾರದಲ್ಲಿತ್ತು.

ಅವತ್ತು ಅವಳು ಪೇಟೆಯಿಂದ ಹೊಸ ಮ್ಯಾಟು ತಂದಿದ್ದಳು. ಕಾರಿನ ಬಾಗಿಲು ತೆರೆದು ಹಳೇ ಮ್ಯಾಟಿನ ಮೇಲೆ ಹೊಸದನ್ನು ಹಾಸುತ್ತಿದ್ದಳು.

"ಅದನ್ನ ಬಿಡು ತಂಗಿ. ಬಾ ಕುಂದ್ರು. ಒಂದು ಕತಿ ಹೇಳ್ತೀನಿ."

"ಕೀಲಿ ಕೊಡ್ರಿ ಕಾಕಾ ಅಂದ್ರ ಕತಿ ಕೊಡ್ತೀರಿ," ಅಂದಳು. ಆದರೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

ಹೇಳಿದೆ.

ಆಗ ಅಜ್ಜಾರು ಇದ್ದರು. ಹೊಳೆ ದಂಡೆಯ ಈ ಆಶ್ರಮ ಕಟ್ಟಿದ ಗುರುಗಳು. ಅವರಿಗೆ ಮೊಣಕಾಲು ನೋವು ಬಂದ ಮೇಲೆ ಭಕ್ತರು ಒಂದು ಕಾರು ತಂದುಕೊಟ್ಟರು. ಓಡಿಸಲು ಪೇಟೆಯಿಂದ ಒಬ್ಬ ಡ್ರೈವರು ಬಂದು ಹೋಗುತ್ತಿದ್ದ.

ಅವರ ಹತ್ತಿರ ಒಬ್ಬ ಶಿಷ್ಯ ಇದ್ದ. ಹೆಸರು ಬೇಡ. ಪಾಪ, ಮೊಮ್ಮಕ್ಕಳಿದ್ದಾರೆ ಅವನಿಗೆ.

ಮೂರು ವರ್ಷ ಅವನು ಆ ಕಾರು ತೊಳೆದ, ಒರೆಸಿದ. ಡ್ರೈವಿಂಗೂ ಕಲಿತ. ಅಜ್ಜಾರು ಮಾತ್ರ ಕೀಲಿಕೈ ಕೊಡಲಿಲ್ಲ. ಅದು ಅವರ ಸೊಂಟದಲ್ಲೇ ಇರುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿದ.

"ಅಜ್ಜಾರೆ, ನನಗ ಕೀಲಿ ಯಾವಾಗ ಕೊಡ್ತೀರಿ?"

"ಸೋಮವಾರ ಜಳಕಕ್ಕ ಹೊಳಿಗೆ ಹೋಗೂಣು. ನೀನ ಓಡಸು. ಕರಕೊಂಡು ಹೋಗಿ ಕರಕೊಂಡು ಬಂದರ ಕೀಲಿ ನಿನ್ನದು."

"ಹೊಳಿ ಇಲ್ಲೇ ಐತಲ್ರಿ! ಇಲ್ಲಿ ಕೆಮ್ಮಿದರ ಅಲ್ಲಿ ಕೇಳತೈತಿ!"

"ಹೋಗೋದು ಸನೇದ. ಬರೋದು ನೋಡೂಣು."

ಶಿಷ್ಯನಿಗೆ ಮೂರು ದಿನ ನಿದ್ದೆ ಇಲ್ಲ. ಗುರುಗಳು ಪಾದ ಇಡುವ ಜಾಗ, ಬರೀ ರಬ್ಬರಿನ ಮ್ಯಾಟು ಇದ್ದರೆ ಹೇಗೆ?

ನೇಕಾರರ ಬಸಲಿಂಗವ್ವ ಅಜ್ಜಾರಿಗೆಂದೇ ಕೈಯಾರೆ ನೇಯ್ದು ಕೊಟ್ಟ ಜೋಡಿ ಜಮಖಾನ ಇದ್ದವು, ಕೆಂಪನೆಯವು. ಅವನ್ನು ರಬ್ಬರಿನ ಮೇಲೆ ಹಾಸಿದ. ಜವಳಿ ಅಂಗಡಿಯ ಸಾಹುಕಾರರು ಕೊಟ್ಟ ಮಖಮಲ್ಲು ಇತ್ತು. ಅದನ್ನು ಬಿಟ್ಟರೆ ಅವರು ಬೇಜಾರಾದಾರು. ಅದನ್ನೂ ಜಮಖಾನದ ಮೇಲೆ ಹಾಸಿದ.

ಅಜ್ಜಾರ ಕಡೆ ಮೂರು ಹಾಸು. ತಾನು ಕೂರುವ ಕಡೆಯೂ ಮೂರು. ಕಾರೆಲ್ಲ ಗುರುಗಳದ್ದೇ ಅಲ್ಲವೇ?

ಸೋಮವಾರ ಅಜ್ಜಾರು ಬಂದು ಕೂತರು. ಕಾಲ ಕೆಳಗೆ ನೋಡಿದರು.

"ಏನಪಾ ಇದು, ಮದುವಿ ಹಂದರ ಆಗೇತಿ?"

"ನಿಮ್ಮ ಪಾದಕ್ಕರಿ."

ಅಜ್ಜಾರು ಸೊಂಟದಿಂದ ಕೀಲಿ ತೆಗೆದು ತಾವೇ ಹಾಕಿ ತಿರುಗಿಸಿದರು.

ಕಾರು ಹೊರಟಿತು. ಆಶ್ರಮದ ಬಾಗಿಲು ದಾಟಿದ ಕೂಡಲೇ ಹೊಳೆಗೆ ಇಳಿಜಾರು. ಶಿಷ್ಯ ಬ್ರೇಕಿಗೆ ಕಾಲಿಟ್ಟ.

ಮಖಮಲ್ಲು ಜಾರಿತು. ಜಮಖಾನ ಅದರ ಬೆನ್ನು ಹತ್ತಿತು. ಎರಡೂ ಸೇರಿ ಬ್ರೇಕಿನ ಕೆಳಗೆ ಗಂಟಾಗಿ ಕೂತವು. ಹೆಬ್ಬೆರಳಿನ ಅಡಿಗೆ ಮೆತ್ತಗೆ ಬೆಚ್ಚಗೆ ಏನೋ ಸಿಕ್ಕಿತು, ಬೆಕ್ಕಿನ ಮರಿ ತುಳಿದ ಹಾಗೆ. ಎಷ್ಟು ಒತ್ತಿದರೂ ಬ್ರೇಕು ಕೆಳಗೆ ಹೋಗಲಿಲ್ಲ.

"ಅಜ್ಜಾರೆ, ನಿಲ್ಲವಲ್ದು!"

"ಗೊತ್ತಾತು."

"ಮುಂದ ಹೊಳಿರಿ!"

"ಅದೂ ಕಾಣತೈತಿ."

ದಂಡೆಯಲ್ಲಿ ಒಂದು ಮೊಸಳೆ ಬಿಸಿಲಿಗೆ ಮೈ ಕಾಯಿಸುತ್ತ ಮಲಗಿತ್ತು. ಹದಿನೆಂಟು ಅಡಿ ಉದ್ದ. ಕಾರು ಬರುವ ರಭಸ ನೋಡಿ ಎದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

"ಮೊಸಳಿ?" ಅಂದಳು ಗುರುಸಿದ್ದವ್ವ.

"ಮೊಸಳಿ. ನಡುವ ಬಾಯಿ ಹಾಕಬ್ಯಾಡ."

ಅಜ್ಜಾರು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕು ಹಿಡಿದು ಎಳೆದರು. ಕಾರು ಕಿರುಚಿ ನಿಂತಿತು. ಮುಂದಿನ ಎರಡು ಗಾಲಿ ನೀರಿನಲ್ಲಿದ್ದವು.

ಅಜ್ಜಾರು ಬಾಗಿಲು ತೆರೆದರು. ಇಳಿದರೆ ನೇರ ಹೊಳೆಗೇ. ನಿಧಾನಕ್ಕೆ ಜಳಕ ಮಾಡಿದರು, ಸೂರ್ಯನಿಗೆ ಕೈ ಮುಗಿದರು, ಧೋತರ ಹಿಂಡಿಕೊಂಡರು. ಶಿಷ್ಯ ಇನ್ನೂ ಸ್ಟೇರಿಂಗು ಬಿಟ್ಟಿರಲಿಲ್ಲ.

"ಬರೋದು ಆತು. ಹೋಗೋದು ಹೆಂಗ?" ಅಂದರು ಅಜ್ಜಾರು.

ಆಮೇಲೆ ಮೊಣಕಾಲು ಹಿಡಿದುಕೊಂಡು ಆ ಏರನ್ನು ನಡೆದೇ ಹತ್ತಿದರು. ಆರು ಕಡೆ ನಿಂತರು. ಶಿಷ್ಯ ಹಿಂದೆ ನಡೆದ. ಅವನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಯಾರೂ ಕೊಡಬೇಕಿರಲಿಲ್ಲ.

ಮಧ್ಯಾಹ್ನ ಪೇಟೆಯ ಡ್ರೈವರು ಬಂದು ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಸಂಜೆ ಶಿಷ್ಯ ತನ್ನ ಗಂಟು ಕಟ್ಟಿಕೊಂಡು ಬಂದ.

"ಅಜ್ಜಾರೆ, ನಾನು ಹೋಗ್ತೀನ್ರಿ. ನಿಮ್ಮನ್ನ ಮುಳುಗಸ್ತಿದ್ದೆ."

"ಹೋಗು. ಅದಕ್ಕೂ ಮೊದಲ ಒಂದು ಕೊಡ ನೀರು ತಂದು ಕೊಟ್ಟು ಹೋಗು. ನನ್ನ ಆವುಗಿ ಮೆಟ್ಟಿಕೊಂಡು ಹೋಗಬೇಕು."

ಆವುಗೆ ಅಂದರೆ ಅಜ್ಜಾರ ಕಟ್ಟಿಗೆಯ ಪಾದುಕೆ. ಶಿಷ್ಯ ದಿನಾ ಅದಕ್ಕೆ ಹೂವು ಏರಿಸಿ ನಮಸ್ಕಾರ ಮಾಡುವವನು.

"ಅವನ್ನ ಮೆಟ್ಟೋದ್ರಿ? ಪಾಪ ಬರತೈತಿ!"

"ಪಾಪ ಬಂದರ ನನ್ನ ಕಡೆ ಕಳಸು."

ಮೆಟ್ಟಿಕೊಂಡು ಹೋದ. ಅಜ್ಜಾರ ಪಾದ ದೊಡ್ಡದು, ಇವನದು ಸಣ್ಣದು. ಹೊಳೆಯ ನಾಲ್ಕನೇ ಮೆಟ್ಟಿಲಲ್ಲಿ ಆವುಗೆ ಒಂದು ಕಡೆ, ಕಾಲು ಒಂದು ಕಡೆ. ಮಣ್ಣಿನ ಕೊಡ ಚೂರಾಯಿತು. ಕುಂಟುತ್ತ, ಆವುಗೆಯನ್ನು ಎದೆಗೆ ಅವಚಿಕೊಂಡು ಬಂದ.

"ನೀರೆಲ್ಲಿ?"

"ಬಿದ್ದೆರಿ. ಆವುಗಿ ನನ್ನ ಕಾಲಿಗೆ ದೊಡ್ಡವು."

"ದಿನಾ ಹೂವು ಏರಸ್ತಿಯಲ್ಲ? ಅವತ್ತೆಲ್ಲ ದೊಡ್ಡವು ಅನಸಲಿಲ್ಲ?"

"ಹೂವು ಏರಸಾಕ ಅಳತಿ ಯಾಕ್ರಿ ಬೇಕು? ನಡಿಯಾಕ ಬೇಕು."

ಅಜ್ಜಾರು ಕಾರಿನ ಕಡೆ ನೋಡಿದರು.

ಶಿಷ್ಯನೂ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಗಂಟು ಒಳಗಿಟ್ಟು ಬಂದು ಮೂರೂ ಹಾಸನ್ನು ಎಳೆದು ಹೊರಗೆ ಹಾಕಿದ.

"ಕೊಟ್ಟವರು ಬೇಜಾರಾದರ ಏನು ಮಾಡ್ಲಿರಿ?"

"ಜಗಲಿ ಮ್ಯಾಲ ಹಾಸು. ಕೊಟ್ಟವರು ಬಂದಾಗ ಅದರ ಮ್ಯಾಲ ಕುಂಡರಸು."

ಮರುದಿನದಿಂದ ಮಳೆ ಹಿಡಿಯಿತು. ಶಿಷ್ಯ ಈಗ ಕಾರಿನಲ್ಲಿ ಏನೂ ಹಾಸುತ್ತಿರಲಿಲ್ಲ. ಅಜ್ಜಾರು ಕೀಲಿ ಹಾಕಿಕೊಟ್ಟಾಗ ಅಂಗಳದಲ್ಲೇ ಒಂದಿಷ್ಟು ಹಿಂದೆ ಮುಂದೆ ಮಾಡಿ ಅಭ್ಯಾಸ ಮಾಡುತ್ತಿದ್ದ. ಕೆಸರುಗಾಲು ತಂದು ನೆಲಕ್ಕಿಡುವುದು, ಕಾಲು ಜಾರುವುದು. ಮೂರನೇ ದಿನಕ್ಕೆ ಕಾರೊಳಗೆ ಒದ್ದೆ ನಾಯಿಯ ವಾಸನೆ.

ಅಜ್ಜಾರು ಮೂಗು ಹಿಡಿದುಕೊಂಡರು.

"ಮೂರು ಹಾಸಿದ್ದೆ. ಈಗ ಒಂದೂ ಇಲ್ಲ. ನಡುವ ಎಲ್ಲೂ ನಿಲ್ಲಲಿಲ್ಲ ಏನಪಾ ನೀನು?"

ಹಳೇ ರಬ್ಬರು ಸವೆದು ಹರಿದಿತ್ತು. ಶಿಷ್ಯ ಪೇಟೆಗೆ ಹೋಗಿ ಹೊಸ ಮ್ಯಾಟು ತಂದ.

"ಎಲ್ಲಾ ಕಾರಿಗೂ ಹೊಂದತೈತಿ ಅಂದನ್ರಿ ಅಂಗಡಿಯವ."

"ಎಲ್ಲಾರಿಗೂ ಹೊಂದೋ ಅಂಗಿ ಮಾರ್ತಾನೇನು ಅವ? ಕೇಳಿ ಬಾ, ನನಗೂ ಒಂದು ಬೇಕು."

ಹಾಸಿ ನೋಡಿದರೆ ಒಂದು ಮೂಲೆ ಬ್ರೇಕಿನ ಕೆಳಗೆ ನುಗ್ಗಿತ್ತು, ಇನ್ನೊಂದು ಮೂಲೆ ಬಾಗಿಲ ಹತ್ತಿರ ನೆಲ ಮುಟ್ಟಿರಲಿಲ್ಲ.

ಅಜ್ಜಾರು ಗೋಡೆಯಿಂದ ಹಳೇ ಕ್ಯಾಲೆಂಡರು ತೆಗೆದು ಕೊಟ್ಟರು.

"ಅಂಗಡಿಗೆ ಹೋಗಾಕಿಂತ ಮೊದಲ ನೆಲಕ್ಕ ಹೋಗು."

ಶಿಷ್ಯ ಕಾರಿನೊಳಗೆ ತಲೆ ಹಾಕಿ ಮಲಗಿದ. ದರ್ಜಿಯವರು ಅಂಗಿಗೆ ಕತ್ತರಿಸುವ ಹಾಗೆ ನೆಲದ ಆಕಾರಕ್ಕೆ ಕಾಗದ ಕತ್ತರಿಸಿದ. ಆಗ ಕಂಡವು, ಸೀಟಿನ ಮುಂದೆ ನೆಲದಲ್ಲಿ ಎರಡು ಕೊಕ್ಕೆ.

"ಅಜ್ಜಾರೆ, ಇವು ಮ್ಯಾಟು ಹಿಡಿಯೋ ಕೊಕ್ಕಿರಿ! ಮೂರು ವರ್ಷ ಒರಸೀನಿ, ಯಾತಕ್ಕ ಅಂತ ಕೇಳಲಿಲ್ಲ."

"ಅವೂ ಹೇಳಲಿಲ್ಲ. ನೀನು ಕೇಳಲಿ ಅಂತಿದ್ದವು."

ಕೊಕ್ಕೆಯ ಜಾಗ ಕಾಗದದ ಮೇಲೆ ಗುರುತು ಮಾಡಿಕೊಂಡು ಹೋದ. ಆ ಪೇಟೆಯಲ್ಲಿ ನೂರಾ ಇಪ್ಪತ್ತು ಅಂಗಡಿ ತಿರುಗಿದ.

"ನಮ್ಮ ಪ್ಯಾಟ್ಯಾಗ ಇರೋವೇ ನಲವತ್ತು ಅಂಗಡಿ," ಅಂದಳು ಗುರುಸಿದ್ದವ್ವ.

"ಒಂದೊಂದಕ್ಕ ಮೂರು ಸಲ ಹೋದ."

ಕೊನೆಗೆ ತಂದಿದ್ದು ದಪ್ಪ ಕರೀ ರಬ್ಬರಿನದು. ಸುತ್ತಲೂ ಬೆರಳೆತ್ತರ ಅಂಚು. ಅಡಿಯಲ್ಲಿ ನೆಲ ಕಚ್ಚುವ ಸಣ್ಣ ಸಣ್ಣ ಮುಳ್ಳು. ಎರಡು ತೂತು, ಸರಿಯಾಗಿ ಕೊಕ್ಕೆಗೆ ಕೂರುವ ಹಾಗೆ.

ಅಜ್ಜಾರು ಅದನ್ನು ಒಂದು ದಿನ ಬಿಸಿಲಿಗೆ ಹಾಕಿಸಿದರು. ಮುದುಡಲಿಲ್ಲ, ನಾರಲಿಲ್ಲ.

ಕಾರಿನಲ್ಲಿ ಹಾಕಿಸಿದರು. ಹಿಮ್ಮಡಿ ಊರಿ ಮುಂದಕ್ಕೆ ನೂಕಿದರು. ಜರುಗಲಿಲ್ಲ.

ಒಂದು ಚೊಂಬು ನೀರು ಸುರಿದರು. ನೀರು ಅಂಚಿನೊಳಗೇ ನಿಂತಿತು. ಮ್ಯಾಟು ಎತ್ತಿ ಚೆಲ್ಲಿಸಿ ನೋಡಿದರು, ಕೆಳಗಿನ ನೆಲ ಒಣಗಿತ್ತು.

ಕಡೆಗೆ ಗಾಡಿ ಬಂದ್ ಇರುವಾಗಲೇ ಬಗ್ಗಿ ಕೂತು ಮೂರೂ ಪೆಡಲನ್ನು ಒಂದೊಂದಾಗಿ ಕೈಯಿಂದ ತಳ ಮುಟ್ಟುವವರೆಗೂ ಒತ್ತಿ ಬಿಟ್ಟರು. ಮೂರೂ ಎಲ್ಲೂ ತಾಗದೆ ಹೋದವು, ಎಲ್ಲೂ ತಾಗದೆ ಬಂದವು.

ಶಿಷ್ಯನ ಮುಖ ಮಾತ್ರ ಸಪ್ಪಗಿತ್ತು.

"ಎಲ್ಲಾ ಸರಿರಿ. ಆದರ ಚಂದಿಲ್ಲ. ಎಮ್ಮಿ ಚರ್ಮ ಇದ್ದಂಗ ಐತಿ. ನಿಮ್ಮ ಕಾರಿಗೆ ಇದಾ?"

"ಅಂಗಳದಾಗ ಒಂದು ಸುತ್ತು ಹಾಕಿ ಬಾ."

ಹಾಕಿ ಬಂದ.

"ಬ್ರೇಕು ಒತ್ತುವಾಗ ಮ್ಯಾಟಿನ ನೆನಪು ಬಂತೇನು?"

ಶಿಷ್ಯ ಯೋಚನೆ ಮಾಡಿದ.

"ಇಲ್ರಿ. ಬರಲೇ ಇಲ್ಲ."

"ಅದ ಅದರ ಚಂದ."

ಶಿಷ್ಯ ಕುಣಿಯುವುದೊಂದು ಬಾಕಿ. ಕೀಲಿಕೈಗೆ ಅಂಗೈ ಚಾಚಿದ. ಅಜ್ಜಾರು ಕಾರಿನ ಒಳಗೆ ಬೆರಳು ತೋರಿಸಿದರು.

ಅಜ್ಜಾರ ಕಾರನ್ನು ಯಾರೂ ಚಪ್ಪಲಿ ಮೆಟ್ಟಿ ಓಡಿಸುವ ಹಾಗಿಲ್ಲ, ಅದು ಆಶ್ರಮದ ಪದ್ಧತಿ. ಶಿಷ್ಯ ತನ್ನ ಚಪ್ಪಲಿ ಬಿಚ್ಚಿ, ಭಕ್ತಿಯಿಂದ, ಹೊಸ ಮ್ಯಾಟಿನ ಮೇಲೆ ಬ್ರೇಕಿನ ಪಕ್ಕದಲ್ಲೇ ಇಟ್ಟುಕೊಂಡಿದ್ದ.

ಅಜ್ಜಾರು ಅವನ್ನು ತಾವೇ ಕೈಯಿಂದ ತೆಗೆದು ಹಿಂದಿನ ಡಿಕ್ಕಿಯಲ್ಲಿಟ್ಟರು. ಶಿಷ್ಯ ನಾಚಿಕೆಯಿಂದ ಭೂಮಿಗಿಳಿದು ಹೋದ.

"ಜಾಗ ಬದಲಿ ಆತು, ಅಷ್ಟ. ಅಳಬ್ಯಾಡ," ಅಂದರು.

ಮುಂದಿನ ಸೋಮವಾರ ಹೊಳೆಗೆ ಹೋದರು. ಕಾರು ಇಳಿಯಿತು, ನಿಲ್ಲಬೇಕಾದಲ್ಲಿ ನಿಂತಿತು. ಜಳಕವಾಯಿತು. ಒದ್ದೆ ಕಾಲಿನಲ್ಲೇ ಹತ್ತಿ ಕೂತರು. ಕಾರು ಏರು ಹತ್ತಿ ಜಗಲಿಯ ಮುಂದೆ ಬಂದು ನಿಂತಿತು.

ಜಗಲಿಯ ಮೇಲೆ ಬಸಲಿಂಗವ್ವ ತಾನು ನೇಯ್ದ ಜಮಖಾನದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅಜ್ಜಾರು ಅದರ ಅಂಚಿನಿಂದ ಒಂದು ಕೆಂಪು ದಾರ ಎಳೆದರು. ಅದಕ್ಕೆ ಕೀಲಿಕೈ ಪೋಣಿಸಿ ಶಿಷ್ಯನ ಕೈಗೆ ಕೊಟ್ಟರು.

"ಜಮಖಾನ ನಿನ್ನ ಜೋಡಿ ಬರಲಿ ಅಂತ ಆಸೆ ಇತ್ತಲ್ಲ. ಇಷ್ಟು ಬಂದರ ಸಾಕು."

ಕಥೆ ಮುಗಿಯಿತು. ಹೊಳೆ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಚಲೋ ಹೇಳಿದೆ ಅಂತ ನನಗೇ ಅನಿಸಿತು.

ಗುರುಸಿದ್ದವ್ವ ನನ್ನ ಕಡೆ ತಿರುಗಿದಳು.

"ಕಾಕಾ, ಅವತ್ತು ಕಾರಿನಾಗ ಇದ್ದವರು ಎಷ್ಟು ಮಂದಿ?"

"ಇಬ್ಬರು. ಅಜ್ಜಾರು, ಆ ಶಿಷ್ಯ."

"ಅಜ್ಜಾರು ಒಬ್ಬರ ತಪ್ಪು ಇನ್ನೊಬ್ಬರ ಮುಂದ ಹೇಳವರಾ?"

"ಛೇ ಛೇ. ಸತ್ತರೂ ಹೇಳವರಲ್ಲ."

"ಮತ್ತ ಹೆಬ್ಬೆರಳಿಗೆ ಬೆಕ್ಕಿನ ಮರಿ ತುಳದಂಗ ಆದದ್ದು ನಿಮಗ್ಯಾರು ಹೇಳಿದರು?"

ನಾನು ಹೊಳೆಯ ಕಡೆ ನೋಡಿದೆ.

"ಮೊಸಳಿ ಹೇಳ್ತು."

ಅವಳು ನಕ್ಕಳು. ನಗುತ್ತಲೇ ನನ್ನ ಸೊಂಟದ ಕಡೆ ಬೆರಳು ತೋರಿಸಿದಳು. ಅಲ್ಲಿ ಕೀಲಿಕೈ ನೇತಾಡುತ್ತಿತ್ತು. ಕಾರು ಎರಡು ಸಲ ಬದಲಾಗಿದೆ, ಕೀಲಿಯೂ ಬದಲಾಗಿದೆ. ದಾರ ಬದಲಾಗಿಲ್ಲ. ಬಣ್ಣ ಮಾಸಿದೆ, ಆದರೂ ಕೆಂಪು ಅಂತ ಯಾರಿಗಾದರೂ ಗೊತ್ತಾಗುತ್ತದೆ.

"ಒಂದು ದಿನಾನೂ ಬ್ರೇಕು ತಪ್ಪಿಲ್ಲ ಅಂದಿದ್ರಿ."

ನಾನು ದಾರಕ್ಕೆ ಕೈ ಹಾಕಿದೆ.

ದಾರದ ಗಂಟು ಬಿಗಿದು ಹೋಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಕೀಲಿಯನ್ನು ದಾರದ ಸಮೇತ ಅವಳ ಅಂಗೈಯಲ್ಲಿಟ್ಟೆ.

"ಹಿಡಿ ತಂಗಿ. ಮೊದಲ ಆ ಹಳೇ ಮ್ಯಾಟನ್ನ ಹೊರಗ ತಗಿ."