ಬಲಗಡೆಯ ಕುದುರೆ

"ಗುರುಗಳೇ, ಯಾರ ಕಣ್ಣಿಗೂ ಬೀಳದ ತಪ್ಪಿಗೆ ಶಿಕ್ಷೆಯುಂಟೆ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕೊಡಗಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಕೋವಿಯೊಂದು ತುಕ್ಕು ಹಿಡಿದು ಮೂಲೆ ಸೇರಿತ್ತು. ಅದನ್ನು ಮೊದಲಿನಂತೆ ಮಾಡಬೇಕೆಂದು ಅವನು ಹಟ ಹಿಡಿದ. ನಳಿಗೆ ಉಜ್ಜಿದ, ಮರದ ಹಿಡಿಗೆ ಎಣ್ಣೆ ಕುಡಿಸಿದ. ಬಲಗಡೆಯ ಕುದುರೆ ಮಾತ್ರ ಮುರಿದಿತ್ತು. ಕುದುರೆಯೆಂದರೆ ತೋಟೆಯ ಬೆನ್ನಿಗೆ ಬಡಿದು ಅದನ್ನು ಸಿಡಿಸುವ ಕಬ್ಬಿಣದ ತುಂಡು. ಪೇಟೆಯ ಕೋವಿ ಅಂಗಡಿಗಳನ್ನೆಲ್ಲ ಅಲೆದ, ಗುಜರಿಯವರ ರಾಶಿ ಕೆದಕಿದ. ಸಿಕ್ಕಿದ್ದು ದೊಡ್ಡದಾಯಿತು, ಇಲ್ಲವೇ ಚಿಕ್ಕದಾಯಿತು. ಅಳತೆ ಕೂಡಿ ಬಂದದ್ದು ಎಡಗಡೆಯದಾಗಿತ್ತು.

ಪಕ್ಕದ ಮನೆಯಲ್ಲಿ ಅಂಥದೇ ಕೋವಿ ಇತ್ತು. ಇಬ್ಬರ ಅಜ್ಜಂದಿರೂ ಒಟ್ಟಿಗೆ ಹೋಗಿ ಕೊಂಡು ತಂದದ್ದು. "ಕಮ್ಮಾರನಿಗೆ ಮಾದರಿ ತೋರಿಸಬೇಕು, ಒಮ್ಮೆ ಕೊಡು ತಮ್ಮಾ" ಎಂದು ರೈತ ಕೇಳಿದ. "ಅದಕ್ಕೇನಣ್ಣ" ಎಂದು ನೆರೆಯವನು ಗೋಡೆಯಿಂದ ಇಳಿಸಿಯೇ ಕೊಟ್ಟ.

ಕಮ್ಮಾರ ಮಾಡಿದ ಕುದುರೆ ನೋಡಲು ತದ್ರೂಪವಾಗಿತ್ತು. ಬಡಿತ ಮಾತ್ರ ತೋಟೆಗೆ ತಾಗದೆ ಎಳ್ಳಷ್ಟು ಹಿಂದೆಯೇ ನಿಲ್ಲುತ್ತಿತ್ತು. ರೈತ ಅದನ್ನು ನೆರೆಯವನ ಕೋವಿಗೆ ಹಾಕಿದ. ಅಲ್ಲಿದ್ದ ಅಸಲಿ ಕುದುರೆಯನ್ನು ಬಿಚ್ಚಿ ತನ್ನ ಕೋವಿಗೆ ಕೂಡಿಸಿಕೊಂಡ. ನೆರೆಯವನು ಹೇಗೂ ಗುಂಡು ಹೊಡೆಯುವವನಲ್ಲ, ಪೂಜೆಗಿಡಲು ಯಾವುದಾದರೇನು ಎಂದುಕೊಂಡು ಅವನ ಕೋವಿ ಹಿಂದಿರುಗಿಸಿದ. ಕದಿಯುವವನಿಗೆ ಕಾರಣಕ್ಕೆ ಬರವೇ! ಆ ವರ್ಷದ ಕೋವಿ ಪೂಜೆಯಲ್ಲಿ ಊರ ಹಿರಿಯರೆಲ್ಲ ಅವನ ಕೋವಿಯನ್ನು ಕೈಯಲ್ಲಿ ಹಿಡಿದು ಹೊಗಳಿದರು. ಅವನು ಹಿಗ್ಗಿದ, ಕುದುರೆಯ ವಿಷಯ ಮರೆತೇಬಿಟ್ಟ.

ಆ ನಾಡಿನಲ್ಲೊಂದು ಪದ್ಧತಿಯಿದೆ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಒಂದರ ಬೆನ್ನಿಗೆ ಇನ್ನೊಂದು, ಎರಡು ಗುಂಡು. ಸುದ್ದಿ ಮುಟ್ಟಿಸಲು ಬೇರೆ ಮಾತು ಬೇಡ.

ಒಂದು ಬೆಳಿಗ್ಗೆ ನೆರೆಮನೆಯಿಂದ ಒಂದು ಗುಂಡು ಕೇಳಿಸಿತು. ನೆರೆಯವನ ಹೆಂಡತಿ ತುಂಬು ಬಸುರಿಯಾಗಿದ್ದಳು. ಊರವರು ಜೇನು, ಬೆಲ್ಲ, ಬಾಳೆಹಣ್ಣು ಹಿಡಿದು ನಗುತ್ತ ಹೊರಟರು. ರೈತನೂ ಹೊರಟ. "ಹೇಗಿದ್ದಾನೆ ನಿಮ್ಮ ಹುಡುಗ, ಅಜ್ಜನ ಮೂಗೇ ಬಂದಿದೆಯೋ?" ಎಂದು ದೂರದಿಂದಲೇ ಕೂಗಿದ.

ಅಂಗಳದ ಚಾಪೆಯ ಮೇಲೆ ಆ ಅಜ್ಜನನ್ನು, ನೆರೆಯವನ ಅಪ್ಪನನ್ನು, ಮಲಗಿಸಿದ್ದರು. ಜೇನು ತಂದವರು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ನೆರೆಯವನು ಕೋವಿ ಹಿಡಿದು ಅಳುತ್ತಿದ್ದ. "ಎಡದ್ದು ಹಾರಿತು, ಬಲದ್ದು ಹಾರಲಿಲ್ಲ. ನನ್ನ ಕೈಯೇ ನಡುಗಿರಬೇಕು. ಅಪ್ಪನ ಸಾವಿಗೆ ಊರನ್ನು ನಗಿಸಿಬಿಟ್ಟೆನಲ್ಲ! ಅಣ್ಣಾ, ನಿನ್ನ ಕೋವಿಯನ್ನಾದರೂ ತಂದುಕೊಡು" ಎಂದ.

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನಲಿಲ್ಲ. ಆದರೂ ರೈತನಿಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಓಡಿಹೋಗಿ ಕೋವಿ ತಂದುಕೊಟ್ಟ. ನೆರೆಯವನು ಹೊಡೆದ. ಎರಡು ಗುಂಡೂ ಒಂದರ ಬೆನ್ನಿಗೊಂದು ಹಾರಿದವು.

ನೆರೆಯವನು ಕೋವಿಯನ್ನು ಹಿಂದಕ್ಕೆ ಕೊಟ್ಟು, "ನೀನಿದ್ದದ್ದಕ್ಕೆ ಅಪ್ಪನ ಮರ್ಯಾದೆ ಉಳಿಯಿತು" ಎಂದು ಎಲ್ಲರೆದುರು ಕೈಮುಗಿದ.

ನಾಚಿಕೆಯಿಂದ ರೈತನ ಮೈ ಹಿಡಿಯಷ್ಟಾಯಿತು. ನಿಜ ಹೇಳಲು ಬಾಯಿ ತೆರೆದವನು ತಲೆ ತಗ್ಗಿಸಿ ಅತ್ತ. ಅಜ್ಜನ ಮೇಲೆ ಎಷ್ಟು ಪ್ರೀತಿಯಿತ್ತು ನೋಡಿ ಎಂದು ಜನ ಮರುಗಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತೃಪ್ತಿಯಾಗಲಿಲ್ಲ. "ಅವನನ್ನು ಯಾರೂ ಹಿಡಿಯಲಿಲ್ಲ, ಬೈಯಲಿಲ್ಲ, ಒಂದೇಟು ಹೊಡೆಯಲಿಲ್ಲ. ಶಿಕ್ಷೆ ಎಲ್ಲಾಯಿತು ಗುರುಗಳೇ?"

"ನೆರೆಯವನು ಕೈಮುಗಿದನಲ್ಲ" ಎಂದರು ಗುರುಗಳು.