ಕಾಗೆ ಕೊಂಡ ಮೊದಲ ಗಡಿಯಾರ

ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುತ್ತೇನೆಂದು ಏಳು ಊರಿಗೆ ಡಂಗುರ ಸಾರಿದ್ದ ಕಾಗೆಗೆ, ಸಂಜೆಯೊಳಗೆ ಒಂದನ್ನಾದರೂ ತೋರಿಸದಿದ್ದರೆ ಗೂಡಿಗೆ ಬರಲಿದ್ದ ನೆಂಟರೆದುರು ಮಾನ ಹೋಗುತ್ತಿತ್ತು. ಅದು ಗುಜರಿ ಮಾರುವ ಹೆಗ್ಗಣದ ಬಳಿಗೆ ಓಡಿತು.

"ಇದು ನಮ್ಮ ಮುತ್ತಜ್ಜನ ಕಾಲದ್ದು ಸ್ವಾಮಿ, ಒಂದು ದಿನವೂ ನಿಂತಿಲ್ಲ. ಕಿವಿಗೊಟ್ಟು ಕೇಳಿ," ಎಂದಿತು ಹೆಗ್ಗಣ.

ಗಡಿಯಾರ ಲೊಚ್ ಲೊಚ್ ಎಂದಿತು.

"ಆಹಾ, ಎಂಥ ನಾಡಿ! ನನ್ನ ಕಿವಿಗೆ ಮೋಸ ಮಾಡುವವರು ಇನ್ನೂ ಹುಟ್ಟಿಲ್ಲ," ಎಂದು ಕಾಗೆ ಕೂಡಿಟ್ಟಿದ್ದ ಉದ್ದಿನವಡೆಗಳನ್ನೆಲ್ಲ ಕೊಟ್ಟು ಕೊಂಡಿತು.

ಗೂಡು ತಲುಪುತ್ತಲೇ ಗಡಿಯಾರದ ಪಟ್ಟಿಯಡಿಯಿಂದ ಹಲ್ಲಿ ಹೊರಬಂತು. "ಗಡಿಯಾರ ಸತ್ತು ಎಷ್ಟೋ ವರ್ಷವಾಯಿತು ಕಾಗಣ್ಣ. ಲೊಚಗುಟ್ಟಿದ್ದು ನಾನು. ಇನ್ನು ಬರಲೇ?"

ಅಷ್ಟರಲ್ಲಿ ನೆಂಟರ ಕಾ ಕಾ ಕೂಗು ಹತ್ತಿರವಾಯಿತು.

"ಹೋಗಬೇಡ ಮಾರಾಯ್ತಿ!" ಎನ್ನುತ್ತ ಕಾಗೆ ಹಲ್ಲಿಯನ್ನು ಮತ್ತೆ ಪಟ್ಟಿಯಡಿಗೆ ತುರುಕಿತು. "ಸ್ವಲ್ಪ ಜೋರಾಗಿಯೇ ಲೊಚಗುಟ್ಟು, ನಮ್ಮ ಭಾವನಿಗೆ ಕಿವಿ ಮಂದ."